ಒಂದು ಗೇಣು ಗಿಡ್ಡ ಹಗ್ಗ

ಸೈಕಲ್ಲಮ್ಮನಿಗೆ ಕಟ್ಟು ಎನ್ನುವುದು ಯಾವ ರೂಪದಲ್ಲಿ ಬಂದರೂ ಆಗಿಬರುತ್ತಿರಲಿಲ್ಲ. ಕೈಗೆ ಗಡಿಯಾರ ಕಟ್ಟಿದವಳಲ್ಲ, ಕೂದಲಿಗೆ ರಿಬ್ಬನ್ ಕಟ್ಟಿದವಳಲ್ಲ. ಚಪ್ಪಲಿಗೆ ಹಿಂಬದಿಯ ಪಟ್ಟಿ ಇದ್ದರೆ ಅದನ್ನು ಕತ್ತರಿಸಿಯೇ ಕಾಲಿಗೆ ಹಾಕುತ್ತಿದ್ದಳು. ಒಮ್ಮೆ ಯಾರೋ ಕೊಟ್ಟ ನಾಯಿಮರಿಯನ್ನು ಸಾಕಲು ಹೋಗಿ, ಅದರ ಕೊರಳಿಗೂ ಪಟ್ಟಿ ಬೇಡವೆಂದು ಹಠ ಹಿಡಿದಳು. ನಾಯಿಮರಿ ಅವಳ ಔದಾರ್ಯವನ್ನು ಚೆನ್ನಾಗಿ ಬಳಸಿಕೊಂಡು, ವಾರ ತುಂಬುವುದರೊಳಗೆ ಎದುರುಬೀದಿಯ ಮಾಂಸದಂಗಡಿಯವನ ನಾಯಿಯಾಯಿತು. “ಅದರಿಷ್ಟ” ಎಂದು ಸೈಕಲ್ಲಮ್ಮ ಸುಮ್ಮನಾದಳು.

ಅವಳ ಹೆಸರು ಊರಿನಲ್ಲಿ ಯಾರಿಗೂ ಬೇಕಿರಲಿಲ್ಲ. ಬೇಕರಿಯ ಬ್ರೆಡ್ಡನ್ನು ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಹಾಕುತ್ತಲೇ ತಲೆ ನರೆತವಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಬೇರೆಯವರನ್ನು ಸುಮ್ಮನೆ ಆಡಿಕೊಳ್ಳುತ್ತಾರೆ, ಇವಳ ವಿಷಯದಲ್ಲಿ ಅದು ಬರೀ ಸತ್ಯ. ಬೇಕರಿಯ ಯಜಮಾನ ಕರುಣೆಯಿಂದ ಅವಳನ್ನು ಕೌಂಟರಿನ ಹಿಂದೆ ಕೂರಿಸಲು ನೋಡಿದ್ದುಂಟು. “ಬೇಡಿ ಯಜಮಾನ್ರೇ, ಕೂತಲ್ಲೇ ಬೇರು ಬಿಟ್ಬಿಡ್ತೀನಿ. ಆಮೇಲೆ ನೀವೇ ನೀರು ಹಾಕ್ಬೇಕಾಗುತ್ತೆ” ಎಂದು ಮತ್ತೆ ಪೆಡಲು ತುಳಿದಳು. ರೇಡಿಯೋ ರಿಪೇರಿಯವನನ್ನು ಮದುವೆಯಾಗುವಾಗಲೂ ಒಂದೇ ಕರಾರು: ಎಲ್ಲಿ ಹೋಗ್ತೀಯ, ಯಾವಾಗ ಬರ್ತೀಯ ಎಂದು ಕೇಳಬಾರದು. ಪುಣ್ಯಾತ್ಮ ಸಾಯುವವರೆಗೂ ಕೇಳಲಿಲ್ಲ. ಅವಳು ಬರುವ ತನಕ ಬಾಗಿಲಿನ ದೀಪ ಮಾತ್ರ ಆರಿಸುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಹಗ್ಗ.

ಅವಳು ಚಿಕ್ಕವಳಿದ್ದಾಗ ಹಡಗುಕಟ್ಟೆಯೆಂದರೆ ಹಡಗುಕಟ್ಟೆಯೇ, ಈಗಿನ ಹಾಗೆ ಐಸ್‌ಕ್ರೀಮ್ ತಿನ್ನುವ ಜಾಗವಲ್ಲ. ಧಾನ್ಯದ ಹಡಗು ಬಂದು ನಿಂತರೆ ಹರಿದ ಗೋಣಿಚೀಲಗಳು ರಾಶಿರಾಶಿ ಬಂದು ಬೀಳುತ್ತಿದ್ದವು. ಗೋದಾಮಿನ ಗೋಡೆಯ ನೆರಳಿನಲ್ಲಿ ಹೆಂಗಸರು ಸಾಲಾಗಿ ಕೂತು, ದಬ್ಬಣಕ್ಕೆ ಹುರಿ ಪೋಣಿಸಿ ಅವನ್ನು ಹೊಲಿಯುತ್ತಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಜೊತೆಗೆ ತಂದು, ಸೊಂಟಕ್ಕೆ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ಗೋಡೆಯ ಕಬ್ಬಿಣದ ಬಳೆಗೆ ಬಿಗಿಯುವುದು ಅಲ್ಲಿನ ರೂಢಿ. ಮುಂದೆ ಆಳದ ನೀರು, ಹಿಂದೆ ಭಾರದ ಗಾಡಿಗಳು; ದಬ್ಬಣ ಹಿಡಿದ ಕೈ ಮಗುವನ್ನೂ ಹಿಡಿಯಲಾರದು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಸೈಕಲ್ಲಮ್ಮನನ್ನು ಮಾತ್ರ ಅವಳ ಅವ್ವ ಗೋಡೆಗೆ ಕಟ್ಟುತ್ತಿರಲಿಲ್ಲ. ನೀರಿನ ಅಂಚಿಗೆ ಹತ್ತಿರ, ನೆಲದ ಹಾಸುಗಲ್ಲಿನಲ್ಲಿ ಇನ್ನೊಂದು ಬಳೆ ಇತ್ತು. ಅದಕ್ಕೆ ಕಟ್ಟಿ, ತಾನೂ ಸಾಲು ಬಿಟ್ಟು ಬಂದು ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಳು. ಅಲ್ಲಿ ನೆರಳಿಲ್ಲ. ಉಳಿದ ಮಕ್ಕಳೆಲ್ಲ ಗೋಡೆಯ ಬುಡದಲ್ಲಿ ಒಂದಕ್ಕೊಂದು ಹಗ್ಗ ಸಿಕ್ಕಿಸಿಕೊಂಡು ಕಿರುಚಿ ನಗುತ್ತಿದ್ದರೆ, ಇವಳಿಗೆ ಬಿಸಿಲು, ನೀರು, ಅವ್ವನ ಬೆನ್ನು. ಅವ್ವ ಯಾರ ಜೊತೆಗೂ ಹೊಂದಿಕೊಳ್ಳದ ಜಗಳಗಂಟಿ ಎಂದು ಹುಡುಗಿ ಆಗಲೇ ತೀರ್ಮಾನಿಸಿದ್ದಳು.

ಅದಾದರೂ ಇರಲಿ. ವರ್ಷ ಕಳೆದಂತೆಲ್ಲ ಅವ್ವ ಆ ಹಗ್ಗವನ್ನು ಗಿಡ್ಡ ಮಾಡುತ್ತಿದ್ದಳು! ಊರಿನ ಮಕ್ಕಳಿಗೆಲ್ಲ ಬೆಳೆದಂತೆ ಓಡಾಟ ಹೆಚ್ಚಾದರೆ ಇವಳಿಗೆ ಹಗ್ಗ ಒಂದು ಗೇಣು ಕಡಿಮೆ. ಒಂದು ಸಲ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು: “ನಾನು ದೊಡ್ಡೋಳಾದ್ನಲ್ಲ ಅವ್ವ, ಯಾಕೆ ಚಿಕ್ಕದು ಮಾಡ್ತೀಯ?”

“ದೊಡ್ಡೋಳಾದ್ಯಲ್ಲ, ಅದಕ್ಕೇ” ಎಂದಳು ಅವ್ವ, ಹಲ್ಲಿನಲ್ಲಿ ಹುರಿ ಕಚ್ಚಿಕೊಂಡೇ.

ಮಾತಿನಲ್ಲಿ ಅವ್ವ ಬಲು ಜಿಪುಣಿ. ಆ ಒಂದು ಮಾತು ಸೈಕಲ್ಲಮ್ಮನ ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಅವ್ವ ಸತ್ತಾಗ ಅತ್ತಳು, ಸುಳ್ಳಲ್ಲ. ಹಗ್ಗವನ್ನು ಮಾತ್ರ ಕ್ಷಮಿಸಲಿಲ್ಲ. ಊರೆಲ್ಲ ತಿರುಗಿದ ಸೈಕಲ್ಲು ಹಡಗುಕಟ್ಟೆಯ ಕಡೆಗೆ ಎಂದೂ ಹ್ಯಾಂಡಲ್ ತಿರುಗಿಸಲಿಲ್ಲ.

ತನಗೊಬ್ಬಳು ಮಗಳು ಹುಟ್ಟಿದಾಗ, ಈ ಕೂಸನ್ನು ಯಾವುದಕ್ಕೂ ಕಟ್ಟುವುದಿಲ್ಲ ಎಂದು ಶಪಥವನ್ನೇ ಮಾಡಿದಳು, ಹಾಗೆಯೇ ನಡೆದುಕೊಂಡಳು. ರಸ್ತೆ ದಾಟುವಾಗಲೂ ಕೈ ಹಿಡಿಯಲಿಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ರೈಲ್ವೆ ಸ್ಟೇಷನ್ನಿನ ಜನಜಂಗುಳಿಯಲ್ಲಿ ತಪ್ಪಿಹೋಗಿ, ಟಿಕೆಟ್ ಕೊಡುವವರ ಕೋಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಸೈಕಲ್ಲಮ್ಮ ಬಹಳ ಹೊತ್ತಿನ ಮೇಲೆ ಬಂದು, “ಓ, ಇಲ್ಲಿದ್ಯಾ? ಬಾ, ಹೋಗೋಣ” ಎಂದಳಂತೆ. ತಾನೇ ದಾರಿ ಹುಡುಕಿಕೊಳ್ಳುವ ಮಗಳನ್ನು ಬೆಳೆಸಿದ್ದೇನೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ಆ ದಿನದ ಬಗ್ಗೆ ಮಗಳು ಬಾಯಿಬಿಟ್ಟದ್ದು ತಾನೇ ತಾಯಿಯಾದ ಮೇಲೆ. “ನೀನು ಓಡ್ಕೊಂಡು ಬರ್ತೀಯ, ಬಂದು ಬೈತೀಯ ಅಂತ ಕಾಯ್ತಿದ್ದೆ ಅಮ್ಮ. ನೀನು ನಡ್ಕೊಂಡು ಬಂದೆ.”

ಸೈಕಲ್ಲಮ್ಮನಿಗೆ ಆ ದೂರು ಏನೆಂದೇ ತಿಳಿಯಲಿಲ್ಲ. ಮಗಳು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೆಲಸ ಮಾಡುವವಳು. ಬೀಗ ಹಾಕಿದ ಮೇಲೆ ಎಳೆದೆಳೆದು ನೋಡುವವಳು, ಕುದಿಸಿದ ನೀರನ್ನು ಮತ್ತೆ ಕುದಿಸುವವಳು. ಎಂಥ ತಾಯಿಗೆ ಎಂಥ ಮಗಳು ಎಂದು ನೆಂಟರು ನಗುತ್ತಿದ್ದರು.

ಈ ಮಗಳಿಗೆ ಎರಡು ಮಕ್ಕಳು. ದೊಡ್ಡವಳು ಶಾಲೆಗೆ ಹೋಗಿ ಅಕ್ಷರ ಕೂಡಿಸಿ ಓದಲು ಕಲಿತವಳು, ಮಾತಿಗೆ ಮಾತು ಸೇರಿಸಿ ವಾದ ಮಾಡುವುದನ್ನು ಹೊಟ್ಟೆಯಲ್ಲಿದ್ದಾಗಲೇ ಕಲಿತವಳು. ಅಜ್ಜಿ ಇಟ್ಟ ಹೆಸರು ವಕೀಲಮ್ಮ. ಚಿಕ್ಕವನಿಗೆ ನಾಲ್ಕು ತುಂಬಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಅವನು ಬುಗುರಿ. ಅಜ್ಜಿಯ ಜೀವವೆಲ್ಲ ಅವರಿಬ್ಬರಲ್ಲೇ. ಆದರೆ ಹಿಂದಿನ ವರ್ಷ ಪಾರ್ಕಿಗೆ ಕರೆದುಕೊಂಡು ಹೋದಾಗ ಅಜ್ಜಿ “ಆಡ್ಕೊಳ್ಳಿ” ಎಂದು ಬಿಟ್ಟದ್ದೇ ತಡ, ಬುಗುರಿ ಯಾರದೋ ಸಾಮಾನಿನ ತಳ್ಳುಗಾಡಿ ಹತ್ತಿ ಪೇಟೆಯವರೆಗೆ ಸವಾರಿ ಹೋಗಿಬಂದಿದ್ದ. ಅಂದಿನಿಂದ ಮಕ್ಕಳನ್ನು ಅಜ್ಜಿಯ ಜೊತೆ ಒಂಟಿಯಾಗಿ ಕಳಿಸುವುದು ನಿಂತೇಹೋಯಿತು. ಭಾನುವಾರ ಮಗಳ ಕಣ್ಣೆದುರಿನಲ್ಲೇ, ಸೋಫಾದ ಮೇಲೆ, ಸಭ್ಯವಾಗಿ ಭೇಟಿ. ಸೈಕಲ್ಲಮ್ಮನಿಗೆ ಅದು ಜೈಲಿನ ಭೇಟಿಯಂತೆ ಅನ್ನಿಸುತ್ತಿತ್ತು, ಮನೆಗೆ ಬಂದು ಒಬ್ಬಳೇ ಅತ್ತದ್ದೂ ಉಂಟು.

ಆ ದಿನ ಶಾಲೆಗೆ ರಜೆ, ಅಳಿಯ ಪರವೂರಿಗೆ ಹೋಗಿದ್ದ, ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಗೆ ಜ್ವರ. ಮಗಳಿಗೆ ಬೇರೆ ದಾರಿಯಿರಲಿಲ್ಲ. ಮಕ್ಕಳಿಬ್ಬರೂ ಹಳೇ ಹಡಗುಕಟ್ಟೆಗೆ ಹೋಗಬೇಕೆಂದು ತಿಂಗಳಿಂದ ಪ್ರಾಣ ತಿನ್ನುತ್ತಿದ್ದರು. ಶಾಲೆಯ ಗೆಳತಿಯರೆಲ್ಲ ಹೋಗಿಬಂದಿದ್ದಾರಂತೆ, ಅಲ್ಲಿ ನಿಜವಾದ ಹಾಯಿ ಹಡಗು ನಿಲ್ಲಿಸಿದ್ದಾರಂತೆ.

“ಸಂಜೆ ಕೆಲಸ ಮುಗಿಸ್ಕೊಂಡು ಸೀದಾ ಅಲ್ಲಿಗೇ ಬರ್ತೀನಿ” ಎಂದಳು ಮಗಳು, ಬುಗುರಿಯ ಶೂ ಲೇಸನ್ನು ಎರಡು ಗಂಟು ಹಾಕುತ್ತ. “ಅಲ್ಲಿ ನೀರಿದೆ ಅಮ್ಮ. ಕೈ ಬಿಡ್ಬೇಡ. ಇದೊಂದು ಸಲ ನಿನ್ನ ನಂಬ್ತಿದೀನಿ. ಏನಾದ್ರೂ ಆದ್ರೆ ಇನ್ಮೇಲೆ ನೀನೂ ಕೇಳ್ಬೇಡ, ನಾನೂ ಕಳ್ಸಲ್ಲ.”

“ಆಯ್ತು ಕಣೇ” ಎಂದಳು ಸೈಕಲ್ಲಮ್ಮ. ಬೇರೆ ಎಲ್ಲಿಗಾದರೂ ಆಗಬಹುದಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಹಡಗುಕಟ್ಟೆಯ ಮೇಲೆ ಅಂದು ತೆಳುವಾದ ಮಂಜಿತ್ತು. ಸೂರ್ಯ ಅದರ ಹಿಂದೆಲ್ಲೋ ಇದ್ದ. ಬೆಳಕು ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದೆ, ನೀರಿಗೂ ಆಕಾಶಕ್ಕೂ ನಡುವಿನ ಗೆರೆ ಯಾರೋ ಬೆರಳಿನಿಂದ ಒರೆಸಿದಂತಿತ್ತು. ಗೋದಾಮುಗಳ ಬಾಗಿಲಿಗೆ ಬಣ್ಣ ಬಂದಿತ್ತು. ಒಂದರಲ್ಲಿ ಕಾಫಿ ಅಂಗಡಿ, ಇನ್ನೊಂದರಲ್ಲಿ ಗೊಂಬೆಯಂಗಡಿ. ಭಾರ ಎತ್ತುವ ಹಳೆಯ ಕ್ರೇನು ಕೆಲಸವಿಲ್ಲದೆ ಕತ್ತೆತ್ತಿ ನಿಂತಿತ್ತು, ಅದರ ಕೊಕ್ಕೆಯಲ್ಲಿ ಒಂದು ಹಕ್ಕಿ ಗೂಡು ಕಟ್ಟಿತ್ತು. ಜನ ಮೆಲ್ಲಗೆ ನಡೆಯುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಹಾಸುಗಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಸೈಕಲ್ಲಮ್ಮನಿಗೆ ತನ್ನ ವಯಸ್ಸು ತಪ್ಪಿಹೋಯಿತು.

ಹಾಗೆಂದು ಕನಸು ಕಾಣಲು ಮೊಮ್ಮಕ್ಕಳು ಬಿಡಬೇಕಲ್ಲ? ವಕೀಲಮ್ಮನಿಗೆ ಗೊಂಬೆಯಂಗಡಿ ಬೇಕು, ಬುಗುರಿಗೆ ಹಡಗು ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಅಜ್ಜಿ, ಎರಡೂ ಕೈ ಚಾಚಿಕೊಂಡು. ಬೆಳಗ್ಗೆಯೆಲ್ಲ ಅವಳು ಮಾತು ಉಳಿಸಿಕೊಂಡಳು, ಕೈ ಬಿಡಲಿಲ್ಲ. ಹಾಯಿ ಹಡಗು ನೋಡಿದರು, ಕ್ರೇನಿನ ಹಕ್ಕಿಯನ್ನು ನೋಡಿದರು. ಮೂಗು ಕೆರೆದುಕೊಳ್ಳಲು ಕೂಡ ಕೈಯಿಲ್ಲದ ಅಜ್ಜಿ, ಜನ್ಮದಲ್ಲಿ ಮೊದಲ ಬಾರಿಗೆ, ಹಿಡಿದುಕೊಳ್ಳುವುದೂ ಒಂದು ದುಡಿಮೆಯೇ ಎಂದು ಅಂದುಕೊಂಡಳು.

ಊಟದ ಹೊತ್ತಿಗೆ ಒಂದು ಗೋದಾಮಿನ ಗೋಡೆಗೊರಗಿ ಕೂತು, ತಂದಿದ್ದ ಬನ್ನುಗಳನ್ನು ಹಂಚಿದಳು. ಗೋಡೆ ಬೆಚ್ಚಗಿತ್ತು. ಎದುರಿನ ನೀರಿನ ಬೆಳಕು ಗೋಡೆಯ ಮೇಲೆಲ್ಲ ತೆಳ್ಳಗೆ ಆಡುತ್ತಿತ್ತು. ವಕೀಲಮ್ಮ ಅಲ್ಲಿದ್ದ ಒಂದು ಫಲಕವನ್ನು ಅಕ್ಷರ ಅಕ್ಷರವಾಗಿ ಓದತೊಡಗಿದಳು. “ಈ... ಬಳೆ... ಗಳಿಗೆ... ಸಣ್ಣ... ದೋಣಿ...” ಸೈಕಲ್ಲಮ್ಮ ಹೂಂಗುಟ್ಟಿದಳು. ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅನ್ನಿಸಿತು, ಅವರ ಪಕ್ಕದಲ್ಲಿ ಇನ್ನೊಬ್ಬರು, ಸಾಲಿಗೆ ಸಾಲು ಹೆಂಗಸರು. ಗೋಣಿಯ ಧೂಳಿನ ವಾಸನೆ, ದಬ್ಬಣ ಚೀಲದೊಳಗೆ ಇಳಿಯುವ ಮೆತ್ತನೆಯ ಸದ್ದು. ಅವ್ವ ಮಾತ್ರ ಸಾಲಿನಲ್ಲಿಲ್ಲ. ದೂರದಲ್ಲಿ, ಮಂಜಿನಲ್ಲಿ, ಬೆನ್ನು ಮಾಡಿ ಕೂತಿದ್ದಾಳೆ. ಅವ್ವ, ಈ ಕಡೆ ಬಾ, ನೆರಳಿಗೆ ಬಾ ಎಂದು ಕರೆಯಬೇಕೆಂದರೆ ದನಿ ಏಳುತ್ತಿಲ್ಲ. ಆಗ ಸೊಂಟದಲ್ಲಿ ಹಗ್ಗ ಜಗ್ಗಿದಂತಾಯಿತು, ಬಲವಾಗಿ.

ಬೆಚ್ಚಿ ಕಣ್ಣು ಬಿಟ್ಟಳು. ಎರಡೂ ಕೈ ಖಾಲಿ. ವಕೀಲಮ್ಮ ಇನ್ನೂ ಫಲಕದ ಮುಂದಿದ್ದಾಳೆ. ಬುಗುರಿ ಕಟ್ಟೆಯ ಅಂಚಿನಲ್ಲಿ, ತುದಿಗಾಲಿನಲ್ಲಿ ನಿಂತು ನೀರಿಗೆ ಬಗ್ಗಿದ್ದಾನೆ.

ಹೇಗೆ ಎದ್ದಳೋ, ಹೇಗೆ ಓಡಿದಳೋ, ಆ ವಯಸ್ಸಿನ ಮೊಣಕಾಲಿಗೇ ಗೊತ್ತು. ಕೂಗಿದರೆ ಬೆಚ್ಚಿ ಬೀಳುತ್ತಾನೆಂದು ಬಾಯಿ ಕಚ್ಚಿಕೊಂಡು ಓಡಿ, ಅಂಗಿಯ ಬೆನ್ನು ಹಿಡಿದು ಹಿಂದಕ್ಕೆಳೆದಳು. ಇಬ್ಬರೂ ಕಲ್ಲಿನ ಮೇಲೆ ಬಿದ್ದರು. “ನೀರಲ್ಲಿ ಒಬ್ಬ ಇದ್ದ ಅಜ್ಜಿ” ಎಂದ ಬುಗುರಿ ಗೊಣಗುತ್ತ. “ನೋಡೋಕೆ ಬಿಡಲ್ವಲ್ಲ ನೀನು.” ಸೈಕಲ್ಲಮ್ಮ ಅವನನ್ನು ಎದೆಗೆ ಒತ್ತಿಕೊಂಡು ಎಷ್ಟೋ ಹೊತ್ತು ಹಾಗೇ ಕೂತಳು. ಮಗಳು ಸರಿಯಾಗಿಯೇ ಹೇಳುತ್ತಾಳೆ, ನನ್ನ ಕೈಗೆ ಮಕ್ಕಳನ್ನು ಕೊಡಬಾರದು ಎಂದು ಅವಳಿಗೆ ಆ ಹೊತ್ತು ನಿಜವಾಗಿ ಅನ್ನಿಸಿತು.

ಬುಗುರಿ ಮತ್ತೆ ಕೊಸರಾಡಿದ. ಅವನಿಗೆ ನೀರೊಳಗಿನವನನ್ನು ನೋಡಲೇಬೇಕು. ಹಿಡಿಯಲು ಅವಳ ಕೈಯಲ್ಲಿ ಬಲವಿಲ್ಲ. ಎತ್ತಿಕೊಂಡು ಹೋಗೋಣವೆಂದರೆ ಕಾಲಿನಲ್ಲಿ ಬಲವಿಲ್ಲ. ಸುತ್ತ ನೋಡಿದಳು. ಹಾಸುಗಲ್ಲಿನಲ್ಲಿ, ಅವಳ ಮೊಣಕಾಲಿನ ಪಕ್ಕದಲ್ಲೇ, ಆ ಬಳೆ ಇತ್ತು. ಸವೆದು ತೆಳ್ಳಗಾಗಿ, ತುಕ್ಕು ಹಿಡಿದು, ನರೆತ ಅವಳ ತಲೆಗಿಂತಲೂ ಮುದಿಯಾಗಿ.

ಸೈಕಲ್ಲಮ್ಮ ಹೆಗಲಿನ ಉದ್ದನೆಯ ಶಾಲನ್ನು ತೆಗೆದಳು. ಒಂದು ತುದಿಯನ್ನು ಹುಡುಗನ ಸೊಂಟಕ್ಕೆ ಸುತ್ತಿದಳು, ಇನ್ನೊಂದನ್ನು ಬಳೆಯೊಳಗೆ ತೂರಿಸಿದಳು. ಜನ್ಮದಲ್ಲಿ ಹಾಕದ ಗಂಟನ್ನು ಬೆರಳು ತಾನಾಗಿ ಹಾಕಿತು. ನಾಚಿಕೆಯಿಂದ ಅವಳಿಗೆ ತಲೆಯೆತ್ತಲಾಗಲಿಲ್ಲ.

ಬುಗುರಿಗೇನು ನಾಚಿಕೆ? “ನಾನು ದೋಣಿ!” ಎಂದು ಕೂಗಿ, ಹೊಟ್ಟೆಯ ಮೇಲೆ ಬಿದ್ದು ಅಂಚಿನ ಕಡೆಗೆ ತೆವಳಿದ. ಶಾಲು ಬಿಗಿಯಾಗಿ ಎಳೆದು ನಿಲ್ಲಿಸಿತು. ಗದ್ದ ಸರಿಯಾಗಿ ಕಲ್ಲಿನ ಅಂಚಿನ ಮೇಲೆ, ಕಣ್ಣು ನೀರಿನ ಮೇಲೆ. ಅಲ್ಲಿಂದ ಮುಂದಕ್ಕೆ ಬೆರಳಷ್ಟೂ ಹೋಗಲಾರ. “ಸಿಕ್ಕಿದ ಅಜ್ಜಿ! ನಗ್ತಿದಾನೆ!”

ಇಷ್ಟು ಹೊತ್ತಿಗೆ ವಕೀಲಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಇದು ಅನ್ಯಾಯ. ಅವನ ಕಣ್ಣಿಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣನಾ? ನನ್ನನ್ನೂ ಕಟ್ಟು.”

ಅಜ್ಜಿ ಬುಗುರಿಯನ್ನು ಬಿಚ್ಚಿ, ಮಡಿಲಿನಲ್ಲಿ ಅದುಮಿಕೊಂಡು, ಅದೇ ಶಾಲನ್ನು ಅಷ್ಟೇ ಉದ್ದ ಬಿಟ್ಟು ಅಕ್ಕನ ಸೊಂಟಕ್ಕೆ ಕಟ್ಟಿದಳು. ವಕೀಲಮ್ಮ ಬೋರಲು ಬಿದ್ದು ತೆವಳಿದಳು. ಶಾಲು ಬಿಗಿಯುವ ಹೊತ್ತಿಗೆ ತಲೆ, ಭುಜ, ಎದೆಯ ಅರ್ಧ ನೀರಿನ ಮೇಲಿತ್ತು, ಕಾಲು ಮೇಲಕ್ಕೆದ್ದಿತ್ತು. ಸೈಕಲ್ಲಮ್ಮ ಹೌಹಾರಿ ಅವಳ ಕಾಲು ಹಿಡಿದು ಹಿಂದಕ್ಕೆಳೆದಳು. ಸೊಂಟದಿಂದ ಮೇಲಕ್ಕೆ ಇವಳು ತಮ್ಮನಿಗಿಂತ ಒಂದು ಗೇಣು ಉದ್ದ. ಅಜ್ಜಿ ಗಂಟು ಬಿಚ್ಚಿ, ಕೈಯಗಲಿಸಿ ಅಳೆದು, ಶಾಲನ್ನು ಒಂದು ಗೇಣು ಒಳಕ್ಕೆ ಎಳೆದು ಮತ್ತೆ ಬಿಗಿದಳು.

“ನಾನು ದೊಡ್ಡೋಳಲ್ವಾ ಅಜ್ಜಿ, ನನಗ್ಯಾಕೆ ಚಿಕ್ಕದು?”

“ದೊಡ್ಡೋಳು ಅಲ್ವಾ ನೀನು, ಅದಕ್ಕೇ...” ಎಂದವಳು ಅಲ್ಲಿಗೇ ನಿಂತಳು.

ಮಂಜಿನಲ್ಲಿ ಎಲ್ಲೋ ಒಂದು ದೋಣಿ ಹೋಯಿತು. ಅದೆಬ್ಬಿಸಿದ ಅಲೆ ನಿಧಾನವಾಗಿ ಬಂದು ಕಟ್ಟೆಗೆ ತಾಗಿತು. ಸೈಕಲ್ಲಮ್ಮ ಬಳೆಯನ್ನು ನೋಡಿದಳು, ಅಂಚನ್ನು ನೋಡಿದಳು, ಹಿಂದೆ ದೂರದಲ್ಲಿದ್ದ ಗೋದಾಮಿನ ಗೋಡೆಯನ್ನು ನೋಡಿದಳು. ಮಗು ನೀರಿಗೆ ಬೀಳದಿದ್ದರೆ ಸಾಕು ಎಂದಷ್ಟೇ ಅವ್ವನಿಗಿದ್ದಿದ್ದರೆ ಆ ಗೋಡೆಗೆ ಕಟ್ಟಿ ಮುಗಿಸಬಹುದಿತ್ತಲ್ಲ! ನೆರಳಿತ್ತು, ಮಾತಿಗೆ ಜನರಿದ್ದರು, ಹಗ್ಗ ಅಳೆಯುವ ತಾಪತ್ರಯವಿರಲಿಲ್ಲ. ಅವಳಿಗೀಗ ಆ ನೀರು ನೆನಪಾಯಿತು. ಇಷ್ಟು ವರ್ಷ ಹಗ್ಗವನ್ನೇ ನೆನೆದು ನೆನೆದು ಮರೆತೇಹೋಗಿದ್ದ ನೀರು: ಹಸಿರುಗಪ್ಪು, ಅದರಲ್ಲಿ ನಡುಗುವ ಹಡಗಿನ ದೀಪಗಳು, ಸಣ್ಣ ಮೀನುಗಳ ಹಿಂಡು, ತನ್ನ ಮುಖ. ಗದ್ದದ ಕೆಳಗಿನ ತಣ್ಣನೆಯ ಕಲ್ಲು. ಪ್ರತಿ ವರ್ಷವೂ ಗದ್ದ ಸರಿಯಾಗಿ ಅದೇ ಅಂಚಿನ ಮೇಲೆ.

ಹುಡುಗಿ ನೀರು ನೋಡಬೇಕೆಂದು ಅವ್ವ ಬಿಸಿಲಲ್ಲಿ ಕೂತಿದ್ದಳು. ಜಗಳವೂ ಇಲ್ಲ, ಏನೂ ಇಲ್ಲ. ಅವ್ವನ ಕತ್ತು ಒಂದೇ ಕಡೆ ಸುಟ್ಟು ಕಪ್ಪಗಾಗಿದ್ದದ್ದು ಸೈಕಲ್ಲಮ್ಮನಿಗೆ ನೆನಪಾಯಿತು. “ಅಷ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅವ್ವ?” ಎಂದು ಗಟ್ಟಿಯಾಗಿಯೇ ಬೈದಳು. ಬೈಯುತ್ತಲೇ ಅತ್ತಳು. ಅತ್ತು, ಬಳೆಯಿಂದಾಚೆ ಉಳಿದ ಶಾಲಿನ ತುದಿಗೆ ಬುಗುರಿಯನ್ನೂ ಮೊದಲಿನಷ್ಟೇ ಉದ್ದ ಬಿಟ್ಟು ಕಟ್ಟಿ, ಅವನ ಅಂಗಿಯ ಮೇಲೊಂದು ಕೈಯಿಟ್ಟು, ತಾನೂ ಮೊಮ್ಮಕ್ಕಳ ನಡುವೆ ಹೊಟ್ಟೆಯ ಮೇಲೆ ಮಲಗಿ ಗದ್ದವನ್ನು ಅಂಚಿಗೆ ಊರಿದಳು. ನೀರಿನಲ್ಲಿ ಮೂರು ಮುಖ. ನಡುವಿನದು ಅವ್ವನದೇ.

“ಅಮ್ಮಾ!”

ಮಗಳು ಸಂಜೆಯವರೆಗೆ ತಡೆಯಲಾರದೆ ಬೇಗನೇ ಕೆಲಸ ಬಿಟ್ಟು, ಆಸ್ಪತ್ರೆಯ ಕೋಟಿನಲ್ಲೇ ಓಡಿಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಮೂವರು ಸಾಲಾಗಿ ಬೋರಲು ಬಿದ್ದದ್ದನ್ನು ದೂರದಿಂದ ಕಂಡು ಅವಳು ಏನೇನು ಅಂದುಕೊಂಡಳೋ. ಹತ್ತಿರ ಬಂದು, ಶಾಲನ್ನು ನೋಡಿ, ಗಂಟನ್ನು ನೋಡಿ, ಮತ್ತೆ ತಾಯಿಯನ್ನು ನೋಡಿದಳು. “ಕಟ್ಟಿದೀಯಾ? ನೀನಾ?”

“ಅಜ್ಜಿ ನಿದ್ದೆ ಮಾಡ್ತು, ಇವನು ಬೀಳ್ತಿದ್ದ” ಎಂದು ವಕೀಲಮ್ಮ ತಡಮಾಡದೆ ಸಾಕ್ಷಿ ನುಡಿದಳು.

ಸೈಕಲ್ಲಮ್ಮ ಎದ್ದು ಕೂತಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಹೂಂ ಕಣೇ. ಕಣ್ಣು ಮುಚ್ಚಿತು. ಎದ್ದು ಓಡಿದೆ. ಜೀವಮಾನದಲ್ಲಿ ಹಂಗೆ ಓಡಿರ್ಲಿಲ್ಲ.” ತಡೆದು, “ಇನ್ಮೇಲೆ ಕಳಿಸ್ಬೇಡ, ನಾನು ಕೇಳಲ್ಲ” ಎಂದಳು. ನಂತರ, ಮಾತಿನಲ್ಲಿ ಜಿಪುಣತನ ಮಾಡಿದರೆ ಏನಾಗುತ್ತದೆಂದು ಈಗಷ್ಟೇ ತಿಳಿದುಕೊಂಡವಳು, ಹಗ್ಗದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಗೋಡೆ, ಬಿಸಿಲು, ಗೇಣು, ಎಲ್ಲವನ್ನೂ. “ಕಟ್ಟೋದು ಅಂದ್ರೆ ಇದು ಅಂತ ನಂಗೆ ಗೊತ್ತಿರ್ಲಿಲ್ಲ. ಅದಕ್ಕೇ ನಿನ್ನ ಹಿಡೀಲೇ ಇಲ್ಲ. ಆ ಸ್ಟೇಷನ್ನಲ್ಲೂ ಓಡ್ಬೇಕಿತ್ತು ನಾನು.”

ಮಗಳು ಕೆಳಗೆ ಕೂತು ಮಕ್ಕಳ ಗಂಟುಗಳನ್ನು ಒಂದೊಂದಾಗಿ ಎಳೆದೆಳೆದು ನೋಡಿದಳು. ಗಟ್ಟಿಯಾಗಿದ್ದವು. ಬಿಚ್ಚಲಿಲ್ಲ. ಆಮೇಲೆ ಕೋಟನ್ನು ತೆಗೆದು ಮಡಿಸಿಟ್ಟು, ಅಷ್ಟು ಸ್ವಚ್ಛತೆಯವಳು, ಆ ಧೂಳುಗಲ್ಲಿನ ಮೇಲೆ ತಾಯಿಯ ಪಕ್ಕದಲ್ಲಿ ಬೋರಲು ಮಲಗಿದಳು.

“ರೈಲ್ವೆ ಸ್ಟೇಷನ್ ವಯಸ್ಸಲ್ಲಿ ನನಗೆ ಎಷ್ಟುದ್ದ ಹಗ್ಗ ಬೇಕಾಗ್ತಿತ್ತು ಅಮ್ಮ?” ಎಂದು ನೀರಿಗೆ ಮುಖ ಮಾಡಿಕೊಂಡೇ ಕೇಳಿದಳು.

ಸೈಕಲ್ಲಮ್ಮ ಬಳೆಯ ಮೇಲೆ ಹೆಬ್ಬೆರಳೂರಿ, ಕೈಯಗಲಿಸಿ, ಗೇಣು ಗೇಣಾಗಿ ಕಲ್ಲನ್ನು ಅಳೆಯುತ್ತ ಬಂದಳು. ಗದ್ದ ಅಂಚಿನ ಮೇಲಿಟ್ಟರೆ ಆ ವಯಸ್ಸಿನ ಮಗಳ ಸೊಂಟ ಎಲ್ಲಿಗೆ ಬರುತ್ತಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಲ್ಲಿ ಕೈ ನಿಲ್ಲಿಸಿದಳು.

“ಇಷ್ಟು” ಎಂದಳು.